ಲೇಸಿಕ್ ಯಾವಾಗ ಮಾಡಿಸ್ಬೇಕು?

ಮುಂಬೈ ಹತ್ರ ಡೊಂಬಿವ್ಲಿಯಲ್ಲಿರೋ ನನ್ನ ತಂಗಿಗೆ ಈಗ 19, ಪವರ್ ಮೈನಸ್ 5, ಮಳೆಗಾಲದಲ್ಲಿ ಲೋಕಲ್ ರೈಲು ಹತ್ತಿದ್ರೆ ಸಾಕು ಕನ್ನಡಕದ ತುಂಬಾ ಹನಿ, ಒಳಗಿನ ಸೆಕೆಗೆ ಆವಿ ಬೇರೆ ಕಟ್ಟಿ ಏನೂ ಕಾಣಲ್ಲ, ಅದಕ್ಕೆ ಈಗ್ಲೇ ಲೇಸಿಕ್, ಅಂದ್ರೆ ಕನ್ನಡಕ ಬಿಡಿಸೋ ಲೇಸರ್ ಆಪರೇಷನ್, ಮಾಡಿಸ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ. ನಾನು ಸ್ವಲ್ಪ ತಡಿಯೇ ಅಂದೆ. 18 ತುಂಬಿದ್ರೆ ಆಯ್ತು ಅಂತಾರೆ ಎಲ್ರೂ, ಆದ್ರೆ ವಯಸ್ಸಿಗಿಂತ ಮುಖ್ಯ ಪವರ್ ನಿಂತಿದ್ಯಾ ಅನ್ನೋದು, ಕಡಿಮೆ ಅಂದ್ರೂ ಒಂದು ವರ್ಷ ನಂಬರ್ 0.5ಕ್ಕಿಂತ ಜಾಸ್ತಿ ಬದಲಾಗಿರಬಾರ್ದು, ಇವಳದ್ದು ಹೋದ್ವರ್ಷ ನಾಲ್ಕೂಕಾಲು ಇತ್ತು! ಲೇಸರ್ ಕಾರ್ನಿಯಾದ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರದ, ಆಕಾರ ಬದಲಾಯಿಸುತ್ತೆ ಅಷ್ಟೇ, ಕಣ್ಣುಗುಡ್ಡೆ ಉದ್ದ ಆಗೋದನ್ನ ನಿಲ್ಲಿಸಲ್ಲ, ಆಮೇಲೂ ಪವರ್ ಏರಿದ್ರೆ ಮತ್ತೆ ಕನ್ನಡಕವೇ ಗತಿ. ಕಾರ್ನಿಯಾ ಇರೋದೇ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ತೆಗೆದಿದ್ದು ವಾಪಸ್ ಬೆಳೆಯಲ್ಲ, ತೀರಾ ತೆಳು ಇದ್ರೆ ಅಥವಾ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಉಬ್ಬೋ ತೊಂದರೆ) ಲಕ್ಷಣ ಇದ್ರೆ ಲೇಸಿಕ್ ಬೇಡ್ವೇ ಬೇಡ. ಅದಕ್ಕೇ ಕಾರ್ನಿಯಾ ಸ್ಕ್ಯಾನ್ ಮಾಡದೆ ಡೇಟ್ ಕೊಡೋ ಕಡೆ ದಯವಿಟ್ಟು ಹೋಗ್ಬೇಡಿ. ಸಾಫ್ಟ್ ಲೆನ್ಸ್ ಹಾಕೋರು ಟೆಸ್ಟಿಗೆ ಒಂದೆರಡು ವಾರ ಮೊದ್ಲೇ ಅದನ್ನ ಬಿಟ್ಟಿರ್ಬೇಕು, ಇಲ್ದಿದ್ರೆ ಅಳತೆ ತಪ್ಪುತ್ತೆ. ಇನ್ನು ನಲವತ್ತರ ಹತ್ರ ಇರೋರಿಗೆ ಲೇಸಿಕ್ ಆದ್ರೂ ಓದೋಕೆ ಚಾಳೀಸು ಬಂದೇ ಬರುತ್ತೆ.

ತಂಗಿಗೆ ಮುಂದಿನ ವರ್ಷ ನಂಬರ್ ನೋಡಿಸೋಣ, ನಿಂತಿದ್ರೆ ಹೋಳಿ ಮುಗಿದ್ಮೇಲೆ ಮಾಡಿಸು, ಬಣ್ಣದ ನೀರು ಕಣ್ಣಿಗೆ ಬೀಳೋ ಭಯಾನೂ ಇರಲ್ಲ ಅಂದಿದೀನಿ.