ಕೊಂಡುಕುರಿಯ ಹೆಜ್ಜೆ

ಇಂದು ಬೆಳಿಗ್ಗೆ ಜಗಳೂರು ಕಡೆಯ ರಂಗಯ್ಯನದುರ್ಗದ ಕಾಡಂಚಿನ ಬದುವಿನಲ್ಲಿ, ಹೆಬ್ಬೆರಳಿನಷ್ಟೇ ಉದ್ದದ ಸೀಳುಗೊರಸಿನ ಗುರುತೊಂದನ್ನು ಕುರಿ ಕಾಯುವ ಅಜ್ಜ ಕೋಲಿನಿಂದ ತೋರಿಸಿ, "ಕೊಂಡುಕುರಿದು, ತುಳೀಬ್ಯಾಡ್ರಿ" ಎಂದರು. ಕೊಂಡುಕುರಿ ಎಂದರೆ ಕುರಿಯಲ್ಲ, ನಾಲ್ಕು ಕೊಂಬಿನ ಕಾಡು ಹುಲ್ಲೆ.

ಹೆಜ್ಜೆಯನ್ನೂ ತುಳಿಯಬೇಡಿ ಎಂಬ ಆ ಮಾತಿಗೆ ನನಗೆ ಆಫ್ರಿಕಾದ ನಮೀಬಿಯಾ ನೆನಪಾಯಿತು. ಅಲ್ಲಿನ ಒಂದು ಕಪ್ಪು ಘೇಂಡಾಮೃಗವನ್ನು ಬೇಟೆಯಾಡುವ ಪರವಾನಗಿ 2014ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 3.5 ಲಕ್ಷ ಡಾಲರಿಗೆ ಹರಾಜಾಯಿತು. ಮರುವರ್ಷ ಆ ಪ್ರಾಣಿ ಗುಂಡಿಗೆ ಬಲಿಯಾಯಿತು. ಸಂತಾನಕ್ಕೆ ಒದಗದ ಮುದಿ ಗಂಡನ್ನೇ ಆರಿಸುತ್ತಾರೆ, ಹಣವೆಲ್ಲ ಸಂರಕ್ಷಣೆಗೇ ಹೋಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಕಾವಲುಗಾರರ ಸಂಬಳವನ್ನೂ ಜೀಪಿನ ಡೀಸೆಲ್ಲನ್ನೂ ಯಾರಾದರೂ ಭರಿಸಲೇಬೇಕು. ಆದರೂ ಉಳಿಸುವ ಹಣಕ್ಕಾಗಿ ಕೊಲ್ಲುವ ಹಕ್ಕನ್ನು ಮಾರುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಅಜ್ಜ ಆ ಗುರುತನ್ನು ತುಳಿಯದಂತೆ ಸುತ್ತುಹಾಕಿ ತಮ್ಮ ಕುರಿಗಳನ್ನು ಆಚೆ ಹೊಡೆದುಕೊಂಡು ಹೋದರು.