ಮೊದಲು ಕಿವಿ, ಆಮೇಲೆ ಕಮಾನು

ನನ್ನ ಹತ್ತಿರ ಪಿಟೀಲು ಕಲಿಯಲು ಕೌಲ್ ಬಜಾರಿನಿಂದ ಒಬ್ಬ ಹುಡುಗಿ ಬರುತ್ತಾಳೆ. ಆರು ವರ್ಷ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯ ಗೆಳತಿಯ ಜೊತೆ ಉರ್ದು. ಯಾರೂ ಕೂಡಿಸಿಕೊಂಡು ಹೇಳಿಕೊಟ್ಟಿಲ್ಲ. ಬಳ್ಳಾರಿಯಲ್ಲಿ ಇದೇನು ದೊಡ್ಡ ವಿಷಯ ಅಲ್ಲ, ಅಲ್ವಾ? ಜಪಾನಿನ ಪಿಟೀಲು ಗುರು ಶಿನಿಚಿ ಸುಜುಕಿ ಅವರ ಬಗ್ಗೆ ಓದುವವರೆಗೆ ನನಗೂ ಅದು ವಿಶೇಷ ಅನಿಸಿರಲಿಲ್ಲ.

ಸುಜುಕಿ ಹುಟ್ಟಿದ್ದು 1898ರಲ್ಲಿ, ಜಪಾನಿನ ನಗೋಯಾದಲ್ಲಿ. ತಂದೆಯದು ಪಿಟೀಲು ತಯಾರಿಸುವ ಕಾರ್ಖಾನೆ. ಕಣ್ಣು ಹಾಯಿಸಿದಲ್ಲೆಲ್ಲ ಪಿಟೀಲು, ಆದರೂ ಹುಡುಗನಿಗೆ ಅದು ಆಟದ ಸಾಮಾನು ಅಷ್ಟೆ. ಹದಿನೇಳರ ಹೊತ್ತಿಗೆ ಗ್ರಾಮಫೋನಿನಲ್ಲಿ ಮಿಶಾ ಎಲ್ಮನ್ ನುಡಿಸಿದ್ದನ್ನು ಕೇಳಿದರು. ಪಿಟೀಲಿನೊಳಗೆ ಇಂಥ ದನಿ ಇದೆ ಅಂತ ಆಗ ಗೊತ್ತಾಯಿತು. ಕಾರ್ಖಾನೆಯಿಂದ ಒಂದು ಪಿಟೀಲು ಮನೆಗೆ ತಂದು, ಪ್ಲೇಟು ಹಾಕಿ ಕೇಳಿ ಕೇಳಿ, ತಾವೇ ಸ್ವರ ಹುಡುಕತೊಡಗಿದರು. ಆಮೇಲೆ ಬರ್ಲಿನ್ನಿಗೆ ಹೋಗಿ ಕಾರ್ಲ್ ಕ್ಲಿಂಗ್ಲರ್ ಹತ್ತಿರ ಕಲಿತರು. 1928ರಲ್ಲಿ ಅಲ್ಲಿನ ವಾಲ್ಟ್ರೌಟ್ ಅವರನ್ನು ಮದುವೆಯಾಗಿ ಜಪಾನಿಗೆ ಮರಳಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಸಂಗತಿ. ಒಬ್ಬರು ತಮ್ಮ ನಾಲ್ಕು ವರ್ಷದ ಮಗನನ್ನು ಕರೆತಂದು ಇವನಿಗೆ ಕಲಿಸಿ ಅಂದರು. ಆ ಮಗುವೇ ಮುಂದೆ ಪಿಟೀಲು ವಾದಕನಾಗಿ ಹೆಸರು ಮಾಡಿದ ತೋಶಿಯಾ ಎತೊ. ಅಷ್ಟು ಚಿಕ್ಕ ಮಗುವಿಗೆ ಹೇಗೆ ಕಲಿಸುವುದು ಅಂತ ಸುಜುಕಿಗೆ ತೋಚಲಿಲ್ಲ. ಯೋಚಿಸಿ ಯೋಚಿಸಿ ಕೊನೆಗೆ ಹೊಳೆದದ್ದು ಇಷ್ಟೇ: ಜಪಾನಿನ ಮಕ್ಕಳೆಲ್ಲ ಜಪಾನಿ ಮಾತಾಡುತ್ತಾರೆ!

ಸುಮ್ನೆ ಕೇಳಿದರೆ ಇದೇನು ಮಾತು ಅನಿಸುತ್ತದೆ. ಆದರೆ ನೋಡಿ, ಮಗು ಎಷ್ಟು ತಿಂಗಳು ಬರೀ ಕೇಳುತ್ತದೆ! ಆಮೇಲೆ ಒಂದು 'ಅಮ್ಮ'. ಮನೆಯವರೆಲ್ಲ ಹಿಗ್ಗುತ್ತಾರೆ. ಎರಡನೇ ಮಾತು ಬಂತು ಅಂತ ಮೊದಲನೆಯದನ್ನು ಯಾರೂ ಬಿಡಿಸುವುದಿಲ್ಲ, ಅದನ್ನು ದಿನಾ ಸಾವಿರ ಸಲ ಆಡಿಸುತ್ತಾರೆ. ಅಕ್ಷರ ಬರುವುದು ಎಷ್ಟೋ ವರ್ಷದ ಮೇಲೆ. 'ಈ ಮಗುವಿಗೆ ತೆಲುಗಿನ ಪ್ರತಿಭೆ ಇಲ್ಲ, ಮಾತು ಬಿಡಿಸಿಬಿಡಿ' ಅಂತ ಯಾವ ತಾಯಿಯಾದರೂ ಅಂದದ್ದುಂಟೇ? ಪಿಟೀಲಿಗೂ ಇದೇ ದಾರಿ ಅಂದರು ಸುಜುಕಿ. ಮೊದಲು ಕೇಳಬೇಕು. ಕಲಿತದ್ದನ್ನು ಬಿಡದೆ ನುಡಿಸುತ್ತಿರಬೇಕು. ತಾಯಿಯೋ ತಂದೆಯೋ ಜೊತೆಗೆ ಕೂತು ತಾವೂ ಕಲಿಯಬೇಕು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿಕ್ಕವಳಿದ್ದಾಗ ನನಗೆ ಒಬ್ಬ ಮೇಷ್ಟ್ರು 'ನಿನಗೆ ಕಿವಿ ಇಲ್ಲ' ಅಂದಿದ್ದರು. ನಾನು ಹಟ ಹಿಡಿದು ಕಲಿತೆ. ಆದರೆ ಅದೇ ಮಾತನ್ನು, ಪಾಠ ಶುರು ಮಾಡಿದ ಹೊಸತರಲ್ಲಿ, ನಾನೂ ಒಬ್ಬ ಹುಡುಗನಿಗೆ ಅಂದುಬಿಟ್ಟೆ. ಅವನು ಪಿಟೀಲನ್ನು ಪೆಟ್ಟಿಗೆಯಲ್ಲಿ ಇಟ್ಟು, ಕಮಾನು ಸಡಿಲ ಮಾಡಿ, ನಾನು ಹೇಳಿಕೊಟ್ಟ ಹಾಗೇ ಬಟ್ಟೆಯಿಂದ, ಕಮಾನಿಗೆ ಹಚ್ಚುವ ರೋಸಿನ್ ಪುಡಿ ಒರೆಸಿ ಮುಚ್ಚಿದ. ಮತ್ತೆ ಬರಲಿಲ್ಲ. ಅವನಿಗೆ ಕಿವಿ ಇತ್ತು. ನಾನು ಅದಕ್ಕೆ ಏನನ್ನೂ ಕೇಳಿಸಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸುಜುಕಿ ಮತ್ಸುಮೊಟೊ ಊರಿನಲ್ಲಿ ನೆಲೆಸಿ ಅಲ್ಲೇ ಶಾಲೆ ಕಟ್ಟಿದರು. 1955ರಲ್ಲಿ ಟೋಕಿಯೋದಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳು ಒಟ್ಟಿಗೆ ನುಡಿಸಿದರು. 1964ರಲ್ಲಿ ಮಕ್ಕಳ ಒಂದು ಸಣ್ಣ ತಂಡದೊಂದಿಗೆ ಅಮೆರಿಕಾ ಸುತ್ತಿದರು. 1998ರ ಜನವರಿ 26ರಂದು ತೀರಿಕೊಂಡಾಗ ಅವರಿಗೆ ತೊಂಬತ್ತೊಂಬತ್ತು. ಅಷ್ಟು ಮಕ್ಕಳಲ್ಲಿ ಎಷ್ಟು ಜನ ದೊಡ್ಡ ವಾದಕರಾದರು ಅಂತ ಕೇಳುವವರಿದ್ದಾರೆ. ವಾದಕರನ್ನು ತಯಾರು ಮಾಡುವುದು ಅವರ ಗುರಿಯೇ ಆಗಿರಲಿಲ್ಲ. ಒಳ್ಳೆಯ ಮನಸ್ಸಿನ ಮಕ್ಕಳು ಬೇಕಾಗಿತ್ತು ಅವರಿಗೆ.

ಅವರ ಕ್ರಮ ಪೂರ್ತಿ ನಮ್ಮ ಕರ್ನಾಟಕ ಸಂಗೀತಕ್ಕೆ ಹೊಂದುವುದಿಲ್ಲ. ನೂರು ಮಕ್ಕಳು ಸಾಲಾಗಿ ನಿಂತು ಒಂದೇ ಸಮ ನುಡಿಸಿದರೆ ನಮ್ಮ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಕೂಡುವುದು ಕಷ್ಟ. ನಾನು ತೆಗೆದುಕೊಂಡಿದ್ದು ಎರಡೇ: ಕೇಳಿಸುವುದು, ಮನೆಯವರನ್ನು ಕೂಡಿಸುವುದು.

ಆ ಹುಡುಗಿಯ ತಾಯಿ ಜೀನ್ಸ್ ಹೊಲಿಯುತ್ತಾರೆ. ನೀವೂ ಕೂತುಕೊಳ್ಳಿ ಅಂದಾಗ "ನಾ ಯಾಕ್ರಿ ಮೇಡಂ, ಹುಡುಗಿಗೆ ಕಲಸ್ರಿ" ಅಂದರು. ಆದರೂ ಕೂತರು. ಎಡಗೈ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು, ಅದೇ ಬೆರಳಲ್ಲಿ ತಂತಿ ಒತ್ತಿದರು. ಮಲಹರಿ ರಾಗದ ಒಂದು ಪಿಳ್ಳಾರಿ ಗೀತೆ, ಹೊಸಬರು ಕಲಿಯುವ ಸರಳ ಹಾಡು, ನುಡಿಸಿ ಅವರ ಮೊಬೈಲಿಗೆ ಹಾಕಿಕೊಟ್ಟೆ. ಒಂದು ತಿಂಗಳು ಪಾಠದಲ್ಲಿ ಅದನ್ನು ಮುಟ್ಟಲಿಲ್ಲ. ಮನೆಯಲ್ಲಿ ಮಷಿನ್ ಸದ್ದಿನ ನಡುವೆಯೇ ಅದು ದಿನಾ ಹಾಡಿತು.

ಹೋದ ಭಾನುವಾರ ಹುಡುಗಿ ಅದನ್ನು ತಾನಾಗಿ ನುಡಿಸಲು ಹೊರಟಳು. ಮಲಹರಿಯ ರಿಷಭ (ರಿ) ಷಡ್ಜಕ್ಕೆ (ಸ) ಅಂಟಿಕೊಂಡೇ ಇರುತ್ತದೆ, ಮಕ್ಕಳು ಅದನ್ನು ಮೇಲೆ ಒತ್ತಿಬಿಡುತ್ತಾರೆ. ಇವಳೂ ಒತ್ತಿದಳು. ತಿದ್ದಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಅವರಮ್ಮ ಅಂದರು:

"ಹಂಗಲ್ಲಮ್ಮ, ಇನ್ನೊಂಚೂರು ತಗ್ಗಿಸು."

ಹುಡುಗಿ ಬೆರಳು ಒಂದು ಕೂದಲಿನಷ್ಟು ಹಿಂದೆ ಸರಿಸಿದಳು. ಸ್ವರ ಸರಿಯಾಗಿ ಕೂತಿತು.