ಗೋಡೆ ಬಿಚ್ಚುವ ಮೊದಲು ದರಪಟ್ಟಿ ಬೇಡ

ಬೆಳಗಾವಿಯ ಹಳೆಯ ಪೇಟೆಯಲ್ಲಿ, ಹಿಂದೆ ಉಪ್ಪಿನ ಚೀಲಗಳನ್ನು ಒಟ್ಟುತ್ತಿದ್ದ ಒಂದು ಗೋದಾಮು ಬಹಳ ಹಿಂದೆಯೇ ಮನೆಯಾಗಿ ಮಾರ್ಪಟ್ಟಿತ್ತು. ಅದರ ನವೀಕರಣದ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಕರಿಕಲ್ಲಿನ ದಪ್ಪ ಗೋಡೆ, ಸಾಗವಾನಿ ತೊಲೆ, ಹಂಚಿನ ಮಾಡು, ನಡುವೆ ಒಂದು ಅಟ್ಟ. ಗೋಡೆಗೆ ಬಣ್ಣ ನಿಲ್ಲುತ್ತಿಲ್ಲವೆಂಬುದು ಮಾಲೀಕರ ಮುಖ್ಯ ದೂರಾಗಿತ್ತು. ಮಾಡು ಸೋರುತ್ತಿದೆ ಎಂದು ಒಬ್ಬರು, ನೆಲದಿಂದ ತೇವ ಏರುತ್ತಿದೆ ಎಂದು ಇನ್ನೊಬ್ಬರು ಅವರಿಗೆ ಆಗಲೇ ಹೇಳಿಹೋಗಿದ್ದರು.

ನೆಲದಿಂದ ಏರುವ ತೇವವು ಸಾಮಾನ್ಯವಾಗಿ ಗೋಡೆಯ ಬುಡದಿಂದ ಒಂದು ಮಟ್ಟದವರೆಗೆ ಬಂದು ಅಲ್ಲಿ ಅಡ್ಡಗೆರೆ ಎಳೆದಂತೆ ನಿಲ್ಲುತ್ತದೆ, ಮಾಡಿನ ಸೋರಿಕೆಯು ಮೇಲಿನಿಂದ ಕೆಳಕ್ಕೆ ಜಾಡು ಬಿಡುತ್ತದೆ. ಇಲ್ಲಿನ ಕಲೆಗಳು ಎದೆಯೆತ್ತರದಲ್ಲಿ, ಚೀಲ ತಾಗುತ್ತಿದ್ದಲ್ಲೆಲ್ಲ ಚದುರಿಕೊಂಡಿದ್ದವು. ಮೋಡ ಕವಿದ ದಿನ ಕಪ್ಪಾಗಿ ಜಿನುಗುತ್ತಿದ್ದವು, ಬಿಸಿಲು ಬಿದ್ದು ಗಾಳಿ ಆಡಿದರೆ ಬೆಳ್ಳಗಾಗಿ ಉದುರುತ್ತಿದ್ದವು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75ರ ಆಸುಪಾಸು ದಾಟಿದರೆ ಅಡುಗೆ ಉಪ್ಪು ಗಾಳಿಯ ನೀರನ್ನೇ ಹೀರಿ ಕರಗುತ್ತದೆ, ಒಣಹವೆಯಲ್ಲಿ ಮತ್ತೆ ಹರಳುಗಟ್ಟುತ್ತದೆ. ಹಾಗೆ ಹರಳುಗಟ್ಟುವಾಗಲೇ ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ನಮ್ಮೂರ ಮಳೆಗಾಲದಲ್ಲಿ ಆ ಮಟ್ಟ ದಾಟುವುದು ದೊಡ್ಡ ಮಾತೇನಲ್ಲ.

ಹಿಂದಿನ ಗುತ್ತಿಗೆದಾರರು ಇದಕ್ಕೆ ಸಿಮೆಂಟಿನ ಗಿಲಾವು ಹೊಡೆದು, ಮೇಲೆ ಜಲನಿರೋಧಕ ಬಣ್ಣ ಬಳಿದಿದ್ದರು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯು ತನ್ನೊಳಗಿನ ತೇವವನ್ನು ಮೈಯಿಂದಲೇ ಹೊರಬಿಡಬೇಕು. ದಟ್ಟವಾದ ಸಿಮೆಂಟು ಆ ದಾರಿಯನ್ನು ಕಟ್ಟಿದಾಗ ತೇವ ಅದರ ಹಿಂದೆ ಇನ್ನೂ ಮೇಲಕ್ಕೆ ಏರುತ್ತದೆ. ನಾವು ಆ ಗಿಲಾವನ್ನು ಪೂರ್ತಿ ಕಿತ್ತು ಗೋಡೆಯನ್ನು ಒಣಗಲು ಬಿಟ್ಟೆವು, ಉದುರಿದ ಬಿಳಿ ಪುಡಿಯನ್ನು ಒಣ ಬ್ರಷ್ಷಿನಿಂದಷ್ಟೇ ಗುಡಿಸಿ ಹೊರಹಾಕಿದೆವು. ಗೌಂಡಿಗೆ ನೀರಿನಿಂದ ತೊಳೆಯುವ ಆಸೆ ಬಹಳವಿತ್ತು. ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನ ಸಂದಿಗೇ ಇಳಿಯುತ್ತದೆ. ಹೆಚ್ಚು ಕೆಟ್ಟ ಭಾಗಗಳಿಗೆ ಕಾಗದದ ತಿರುಳು ಮತ್ತು ಜೇಡಿಮಣ್ಣಿನ ಲೇಪ ಹಚ್ಚಿ, ಒಣಗಿದ ಮೇಲೆ ಹೀರಿಕೊಂಡ ಉಪ್ಪಿನ ಸಮೇತ ತೆಗೆದೆವು. ಕೊನೆಗೆ ಸುಣ್ಣ ಮತ್ತು ಮರಳಿನ ಗಿಲಾವು, ಅದರ ಮೇಲೆ ಸುಣ್ಣದ ಬಣ್ಣ. ಉಳಿದ ಉಪ್ಪನ್ನು ತಾನು ಹೀರಿ, ಕಲ್ಲಿಗೆ ಬದಲಾಗಿ ತಾನು ಸವೆಯುವ ಪದರ ಅದು. ಕೆಲವು ವರ್ಷಗಳಿಗೊಮ್ಮೆ ಅಲ್ಲಲ್ಲಿ ಬದಲಿಸಬೇಕಾಗುತ್ತದೆ ಎಂಬುದನ್ನು ಮಾಲೀಕರಿಗೆ ಬರೆದೇ ಕೊಟ್ಟೆವು.

ಉಪ್ಪು ಉಳಿದ ಕೆಲಸಗಳ ಲೆಕ್ಕವನ್ನೂ ಬದಲಿಸಿತು. ಹೊಸ ಅಟ್ಟದ ಉಕ್ಕಿನ ತೊಲೆಗಳನ್ನು ಇಂಥ ಗೋಡೆಯಲ್ಲಿ ಹೂತರೆ ತುಕ್ಕು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಆದ್ದರಿಂದ ಅಟ್ಟವು ತನ್ನದೇ ಪಾಯದ ಮೇಲಿನ ಕಂಬಗಳ ಮೇಲೆ, ಗೋಡೆಗೆ ತಾಗದೆ ನಿಂತಿದೆ. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿಯುವುದು ರೂಢಿ, 500 ಲೀಟರಿನ ತುಂಬಿದ ಟಾಕಿ ನೀರೇ 500 ಕಿಲೋ ತೂಗುತ್ತದೆ. ಹಾಗಾಗಿ ಟಾಕಿ ಅಟ್ಟದ ಮೇಲೆ ಬೇಡವೆಂದೆವು. ವಿದ್ಯುತ್ ತಂತಿಗಳಿಗೆ ಗೋಡೆ ಕೊರೆಯದೆ ಪಿವಿಸಿ ಕೊಳವೆಗಳನ್ನು ಹೊರಗೇ ಓಡಿಸಿದೆವು. ನೋಡಲು ಅದೇ ಚೆಂದ ಎಂದು ಮಾಲೀಕರು ಹೇಳಿದ್ದು ಬೇರೆ ಮಾತು.

ಈಗ ಇಂಥ ಕಟ್ಟಡಗಳಿಗೆ ನಾವು ಎರಡು ದರಪಟ್ಟಿ ಕೊಡುತ್ತೇವೆ. ಮೊದಲನೆಯದರಲ್ಲಿ ಗಿಲಾವು ಬಿಚ್ಚುವುದು, ಹಿಂದೆ ಏನೇನು ಸಂಗ್ರಹಿಸಿದ್ದರೆಂದು ಹಳಬರನ್ನು ಕೇಳುವುದು, ಗೋಡೆ ಒಣಗುವವರೆಗೆ ಕಾಯುವುದು ಇಷ್ಟೇ ಇರುತ್ತವೆ, ಮತ್ತು ಕಾಯುವ ಅವಧಿಗೂ ಅಲ್ಲಿ ಪ್ರತ್ಯೇಕ ಸಾಲಿರುತ್ತದೆ. ಎರಡನೆಯದನ್ನು ಬರಿಗೋಡೆ ನೋಡಿದ ಮೇಲೆಯೇ ಬರೆಯುತ್ತೇವೆ; ಒಂದೇ ಮೊತ್ತ ಈಗಲೇ ಹೇಳಿ ಎಂದು ಹಟ ಹಿಡಿದವರ ಕೆಲಸವನ್ನು ಒಪ್ಪುವುದಿಲ್ಲ.